ಮನೆಯಲ್ಲಿ ಪೋರ್ಟಬಲ್ ವೆಂಟಿಲೇಟರ್: ಎರಡು ವರ್ಷಗಳ ಬಳಕೆಯ ನಂತರ

ತಂದೆಯವರಿಗಾಗಿ ಎರಡು ವರ್ಷಗಳಿಂದ ಬಳಸುತ್ತಿರುವ ಈ ಪೋರ್ಟಬಲ್ ವೆಂಟಿಲೇಟರ್ ನಂಬಬಹುದಾದ ಯಂತ್ರವೇ ಹೌದು, ಆದರೆ ಅದರ ಕೈಪಿಡಿ ಅಷ್ಟಾಗಿ ನೆರವಿಗೆ ಬರುವುದಿಲ್ಲ. ಒಂದು ರಾತ್ರಿ, ಕೊಳವೆಯಲ್ಲಿ ಗಾಳಿಯ ಒತ್ತಡ ಹೆಚ್ಚಾದಾಗ ಮೊಳಗುವ ಅಧಿಕ ಒತ್ತಡದ ಅಲಾರಂ ಬಿಟ್ಟೂ ಬಿಡದೆ ಕೂಗತೊಡಗಿದಾಗ ಯಂತ್ರವೇ ಕೆಟ್ಟಿತೆಂದು ಗಾಬರಿಗೊಂಡೆವು. ಮೊದಲು ತಂದೆಯವರ ಎದೆಯ ಏರಿಳಿತವನ್ನು ನೋಡಿ, ಬಳಿಕ ಕೊಳವೆಯುದ್ದಕ್ಕೂ ಕೈಯಾಡಿಸಿದಾಗ, ಗಾಳಿಗೆ ತೇವ ಕೂಡಿಸುವ ಹ್ಯುಮಿಡಿಫೈಯರ್‌ನ ಆವಿ ತಣಿದು ಕೊಳವೆಯ ತಗ್ಗಿನಲ್ಲಿ ನೀರಾಗಿ ನಿಂತಿರುವುದು ಕಂಡಿತು. ಆ ನೀರು ಅವರ ಕಡೆಗೆ ಹರಿಯದಂತೆ ಎಚ್ಚರವಹಿಸಿ ಹೊರಚೆಲ್ಲಿದೊಡನೆ ಅಲಾರಂ ನಿಂತಿತು. ಕಡಿಮೆ ಒತ್ತಡದ ಅಲಾರಂ ಬಂದರೆ ಸಾಮಾನ್ಯವಾಗಿ ಎಲ್ಲೋ ಜೋಡಣೆ ಸಡಿಲವಾಗಿರುತ್ತದೆ. ಗಾಳಿ ಒಳಸೇರುವ ಕಡೆಯ ಸ್ಪಂಜಿನ ಫಿಲ್ಟರನ್ನು ತೊಳೆದ ಮೇಲೆ ಪೂರ್ತಿ ಒಣಗಿಸದೆ ಹಾಕಬಾರದು. ಬ್ಯಾಟರಿಯ ಬಗ್ಗೆ ಮಾತ್ರ ನನಗೆ ಅಸಮಾಧಾನವಿದೆ: ವಿದ್ಯುತ್ ಹೋದಾಗ ಅದು ಈಗ ಮೊದಲಿನಷ್ಟು ಹೊತ್ತು ಬಾಳುವುದಿಲ್ಲವಾದ್ದರಿಂದ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗನ್ನು ಹಾಸಿಗೆಯ ತಲೆದೆಸೆಯಲ್ಲೇ ಇಟ್ಟಿದ್ದೇವೆ.