‘ಎನರ್ಜಿ ಆಡಿಟ್’ ಅಂತ ಬಂದು ಡಬ್ಬ ಮಾರಿ ಹೋದರು, ನೀವು ಬೀಳಬೇಡಿ

ನಿಮ್ಮ ಮನೆಯ ಕರೆಂಟ್ ಬಿಲ್ ಇಳಿಸಿಕೊಡುತ್ತೇವೆ, ಎನರ್ಜಿ ಆಡಿಟ್ ಮಾಡುತ್ತೇವೆ ಅಂತ ಯಾರಾದರೂ ಗಂಟು ಬಿದ್ದರೆ ಮೊದಲು ಇದನ್ನು ಓದಿ, ಆಮೇಲೆ ಬಾಗಿಲು ತೆಗೆಯಿರಿ. ಆಡಿಟ್‌ಗೆ 3,500 ರೂಪಾಯಿ. ಅದರ ಮೇಲೆ ಕರೆಂಟ್ ಉಳಿಸುತ್ತದೆ ಅಂತ ಕೊಟ್ಟ ಒಂದು ಡಬ್ಬಕ್ಕೆ 6,800. ದುಡ್ಡು ಹೋಗಿದ್ದು ಒಂದು ಕಡೆ, ಅವರು ಕೊಟ್ಟ ಉತ್ತರಗಳಿವೆಯಲ್ಲ, ಅವನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಬೆಂಗಳೂರಿನಲ್ಲಿ ಸ್ವಂತ ಮನೆ. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ಬಿಲ್ಲಿನ ಚಿಂತೆ ಇರಲಿಲ್ಲ. ಈ ವರ್ಷ ಇದ್ದಕ್ಕಿದ್ದಂತೆ 200 ಯೂನಿಟ್ ದಾಟತೊಡಗಿತು. ದಾಟಿದರೆ ಗೊತ್ತಲ್ಲ, ಮೇಲಿನ ಯೂನಿಟ್‌ಗಳಿಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ನಾವೇ ಕಟ್ಟಬೇಕು. ಹೊಸದಾಗಿ ಏನೂ ತಂದಿಲ್ಲ. ಎಸಿ ಇಲ್ಲ. ಇರುವವರು ಮೂರು ಜನ. ಯೂನಿಟ್ ಎಲ್ಲಿ ಸೋರುತ್ತಿದೆ ಅಂತ ಹುಡುಕಿಕೊಡಲಿ ಅಂತಲೇ ಕರೆಸಿದ್ದು. ಹುಡುಕುವುದೇ ಅವರ ಕೆಲಸ ತಾನೆ?

ಬಂದವನನ್ನು ನೋಡಿದರೆ ಯಾರಿಗೂ ಅನುಮಾನ ಬರುವ ಹಾಗಿರಲಿಲ್ಲ. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಥರ್ಮಲ್ ಕ್ಯಾಮೆರಾ. ಫ್ರಿಜ್ ಬಾಗಿಲಿಗೆ ಕ್ಯಾಮೆರಾ ಹಿಡಿದು ಕೆಂಪು, ನೀಲಿ ಬಣ್ಣ ತೋರಿಸಿದ. ಅಮ್ಮ ಕಾಫಿ ಕೊಟ್ಟರು, ಕುಡಿದ. ಹಾಲ್ ನೋಡಿದ, ಅಡುಗೆಮನೆ ನೋಡಿದ. ಗೀಸರ್ ನೋಡಲಿಲ್ಲ. ಸಂಪ್ ಮೋಟರ್ ಎಲ್ಲಿದೆ ಅಂತ ಕೇಳಲೂ ಇಲ್ಲ. ಮೇಲೆ ಟ್ಯಾಂಕ್ ಇದೆ, ನೋಡುತ್ತೀರಾ ಅಂದೆ. “ಬೇಡ ಸರ್, ಮೇನ್ ಬೋರ್ಡಲ್ಲೇ ಎಲ್ಲಾ ಗೊತ್ತಾಗುತ್ತೆ” ಅಂದ. ಈ ಮಾತು ನೆನಪಿಟ್ಟುಕೊಳ್ಳಿ.

ಆಮೇಲೆ ಶುರುವಾಯಿತು ನೋಡಿ ಆಟ. ಎಲ್ಲ ಫ್ಯಾನ್ ಹಾಕಿಸಿದ, ವಾಷಿಂಗ್ ಮೆಷಿನ್ ಓಡಿಸಿದ, ಮೇನ್ ವೈರಿಗೆ, ಹರಿಯುವ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಸಿಕ್ಕಿಸಿದ. 2.9 ಅಂತ ತೋರಿಸಿತು. ಬ್ಯಾಗಿನಿಂದ ಬಿಳಿ ಪ್ಲಾಸ್ಟಿಕ್ ಡಬ್ಬ ತೆಗೆದು ಪ್ಲಗ್‌ಗೆ ಹಾಕಿದ, ಹಸಿರು ದೀಪ ಹೊತ್ತಿತು, ಮೀಟರ್‌ನಲ್ಲಿ 2.3. ತೆಗೆದ, 2.9. ಮತ್ತೆ ಹಾಕಿದ, 2.3. “ನೋಡಿ ಸರ್, ನಾನೇನೂ ಹೇಳಲ್ಲ, ನೀವೇ ನೋಡಿ.” ಕಣ್ಣೆದುರೇ ಅಂಕಿ ಇಳಿಯುತ್ತಿದ್ದರೆ ಯಾರು ತಾನೆ ಏನು ಹೇಳಲು ಸಾಧ್ಯ? ಯುಪಿಐನಲ್ಲಿ ದುಡ್ಡು ಹಾಕಿದ್ದೂ ಆಯಿತು.

ಇಳಿದಿದ್ದು ಆಂಪಿಯರ್ ಸ್ವಾಮಿ, ಅಂದರೆ ವೈರ್‌ನಲ್ಲಿ ಹರಿಯುವ ಕರೆಂಟ್, ಯೂನಿಟ್ ಅಲ್ಲ. ನಮ್ಮ ಮನೆ ಮೀಟರ್ ಬಿಲ್ ಹಾಕುವುದು ಯೂನಿಟ್‌ಗೆ. ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಅಷ್ಟೇ. ಆ ಡಬ್ಬದಲ್ಲಿರುವುದು ಕೆಪಾಸಿಟರ್. ಮೋಟರ್‌ಗಳು ಸುಮ್ನೆ ಎಳೆದುಕೊಂಡು ವಾಪಸ್ ಕಳಿಸುವ ಕರೆಂಟ್ ಒಂದಿರುತ್ತದೆ, ಡಬ್ಬ ಅದನ್ನು ಅಲ್ಲೇ ಪೂರೈಸುತ್ತದೆ. ಹಾಗಾಗಿ ಆಂಪಿಯರ್ ಇಳಿಯುತ್ತದೆ, ವ್ಯಾಟ್ ಇದ್ದಷ್ಟೇ ಇರುತ್ತದೆ. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟ್‌ನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು, ಕಡಿಮೆಯಾದರೆ ದಂಡ ಕಟ್ಟುವ ಫ್ಯಾಕ್ಟರಿಗೆ ಇದರಿಂದ ಲಾಭ ಉಂಟು. ಮನೆಗೆ ಮೂರು ಕಾಸಿನ ಪ್ರಯೋಜನ ಇಲ್ಲ. ಆಡಿಟರ್ ಅಂತ ಹೇಳಿಕೊಳ್ಳುವವನಿಗೆ ಇದು ಗೊತ್ತಿರಲ್ವಾ? ಗೊತ್ತಿದ್ದೇ ಮಾಡಿದ್ದು.

ರಿಪೋರ್ಟ್ ಪಿಡಿಎಫ್ ಬಂತು. 28 ಪುಟ! ಎಸಿಯನ್ನು 24 ಡಿಗ್ರಿಗೆ ಇಡಿ ಅಂತ ಬರೆದಿದ್ದಾರೆ. ಎಸಿಯೇ ಇಲ್ಲದ ಮನೆಗೆ! ಥರ್ಮಲ್ ಫೋಟೋದಲ್ಲಿ ದೊಡ್ಡ ಚಿಮಣಿ ಇರುವ ಅಡುಗೆಮನೆ, ಅದೂ ನಮ್ಮದಲ್ಲ. ಒಂದು ಪುಟದ ಕೆಳಗೆ ಬೇರೆ ಯಾರದೋ ಹೆಸರು ಹಾಗೇ ಉಳಿದಿತ್ತು. ಫೋನ್ ಮಾಡಿ ಕೇಳಿದೆ. “ಅದು ಟೆಂಪ್ಲೇಟ್ ಸರ್.” ಎಸಿ? “ಮುಂದೆ ಹಾಕಿಸ್ತೀರಲ್ಲ ಸರ್, ಆಗ ಯೂಸ್ ಆಗುತ್ತೆ.” ಇಂಥ ಉತ್ತರಕ್ಕೆ ಏನು ಹೇಳಬೇಕು?

ಮುಂದಿನ ಬಿಲ್‌ನಲ್ಲಿ ಯೂನಿಟ್ ಇನ್ನೂ ಜಾಸ್ತಿ. “ಬೇಸಿಗೆ ಸರ್.” ಅದರ ಮುಂದಿನದೂ ಹಾಗೇ. “ನಿಮ್ಮ ಲೋಡ್‌ಗೆ ಒಂದು ಡಬ್ಬ ಸಾಲಲ್ಲ ಸರ್, ಇನ್ನೊಂದು ಹಾಕೋಣ, ಡಿಸ್ಕೌಂಟ್ ಕೊಡಿಸ್ತೀನಿ.” ನಿಮ್ಮ ಸರ್ಟಿಫಿಕೇಟ್ ನಂಬರ್ ಕೊಡಿ ಅಂದರೆ “ನಮ್ಮದು ಐಎಸ್‌ಓ ಕಂಪನಿ ಸರ್” ಅಂದ. ಐಎಸ್‌ಓಗೂ ಇದಕ್ಕೂ ಏನು ಸಂಬಂಧ? ಕೇಂದ್ರದ ಬ್ಯೂರೋ ಆಫ್ ಎನರ್ಜಿ ಎಫಿಷಿಯನ್ಸಿ, ಅದೇ ಫ್ರಿಜ್, ಎಸಿ ಮೇಲೆ ಸ್ಟಾರ್ ಅಂಟಿಸುವ ಬಿಇಇ, ಆಡಿಟರ್‌ಗಳಿಗೆ ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಡುತ್ತದೆ. ಪಾಸಾದವನ ಹತ್ತಿರ ನಂಬರ್ ಇದ್ದೇ ಇರುತ್ತದೆ. ಇವನ ಹತ್ತಿರ ಐಡಿ ಕಾರ್ಡ್ ಮಾತ್ರ ಇತ್ತು.

ಕೊನೆಗೆ ಹುಡುಕಿದ್ದು ನಮ್ಮ ಚಿಕ್ಕಪ್ಪ. ಕೆಇಬಿ ಕಾಲದ ಲೈನ್‌ಮನ್, ರಿಟೈರ್ ಆಗಿ ಎಷ್ಟೋ ವರ್ಷವಾಯಿತು. ಡಬ್ಬ ನೋಡಿ ಏನೂ ಹೇಳಲಿಲ್ಲ, ಸ್ಕ್ರೂಡ್ರೈವರ್ ಕೇಳಿದರು. ಬಿಚ್ಚಿದರೆ ಒಳಗೆ ಒಂದು ಕೆಪಾಸಿಟರ್, ಹಸಿರು ಎಲ್‌ಇಡಿ ಇರುವ ಚಿಕ್ಕ ಬೋರ್ಡ್, ಎರಡು ವೈರ್. “ಇದಕ್ಕೆ ಎಷ್ಟು ಕೊಟ್ಟೆಯೋ?” ಅಂದರು. ಹೆಂಡತಿ, ಅಮ್ಮ ಎಲ್ಲರೂ ಅಲ್ಲೇ ನಿಂತಿದ್ದರು. ಬಾಯಿ ಬಿಡಲಾಗಲಿಲ್ಲ.

ರಾತ್ರಿ ಮನೆಯಲ್ಲಿ ಎಲ್ಲಾ ಆರಿಸಿ ಮೀಟರ್ ಮುಂದೆ ನಿಂತರು. ಮೀಟರ್‌ನ ಕೆಂಪು ದೀಪ ಮಿನುಗುತ್ತಲೇ ಇತ್ತು, ಅಂದರೆ ಎಲ್ಲೋ ಕರೆಂಟ್ ಓಡುತ್ತಲೇ ಇದೆ. ಮೇನ್ ಆಫ್ ಮಾಡಿದರು, ನಿಂತಿತು. ಬೋರ್ಡಿನ ಸ್ವಿಚ್‌ಗಳನ್ನೆಲ್ಲ (ಎಂಸಿಬಿ) ಇಳಿಸಿ, ಮೇನ್ ಮತ್ತೆ ಆನ್ ಮಾಡಿ, ಒಂದೊಂದಾಗಿ ಎತ್ತುತ್ತಾ ಬಂದರು, ಮೋಟರಿನದು ಎತ್ತಿದ ತಕ್ಷಣ ದೀಪ ಪಟಪಟ ಅಂತ ಹೊಡೆದುಕೊಳ್ಳತೊಡಗಿತು. ನಮ್ಮ ಟ್ಯಾಂಕಿಗೆ ಪೈಪ್ ತಳದಿಂದ ಸೇರುತ್ತದೆ. ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್, ಎನ್‌ಆರ್‌ವಿ ಅಂತಾರಲ್ಲ, ಅದು ಕೆಟ್ಟು, ಏರಿಸಿದ ನೀರೆಲ್ಲ ವಾಪಸ್ ಸಂಪಿಗೆ ಇಳಿಯುತ್ತಿತ್ತು. ಆಟೋಮ್ಯಾಟಿಕ್ ಕಂಟ್ರೋಲರ್ ಇದೆಯಲ್ಲ, ಟ್ಯಾಂಕ್ ಖಾಲಿ ಅಂತ ಮತ್ತೆ ಮೋಟರ್ ಹಾಕುತ್ತಿತ್ತು. ಇಡೀ ರಾತ್ರಿ ಇದೇ ಕೆಲಸ. ಒಂದು ಎಚ್‌ಪಿ ಮೋಟರ್ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ತಿನ್ನುತ್ತದೆ, ದಿನಕ್ಕೆ ಮೂರು ಗಂಟೆ ಜಾಸ್ತಿ ಓಡಿದರೆ ತಿಂಗಳಿಗೆ 90 ಯೂನಿಟ್, ನೀವೇ ಲೆಕ್ಕ ಹಾಕಿ. ಪ್ಲಂಬರ್ ಕೂಲಿಯೂ ಸೇರಿ ಸಾವಿರದೊಳಗೆ ಮುಗಿಯಿತು. ಮೇನ್ ಬೋರ್ಡಲ್ಲೇ ಎಲ್ಲಾ ಗೊತ್ತಾಗುತ್ತಂತೆ!

ನಿಮಗೂ ಯೂನಿಟ್ ಏರುತ್ತಿದ್ದರೆ ಮೊದಲು ಈ ಮೀಟರ್ ದೀಪದ ಪರೀಕ್ಷೆ ಮಾಡಿ, ಖರ್ಚಿಲ್ಲ. ಮೀಟರ್ ಮೇಲೇ ಅನುಮಾನ ಇದ್ದರೆ ಬೆಸ್ಕಾಂಗೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ಟೆಸ್ಟ್ ಮಾಡುತ್ತಾರೆ. ಆಡಿಟರ್ ಬೇಕೇ ಬೇಕು ಅಂದರೆ ಬಿಇಇ ನಂಬರ್ ಕೇಳಿ. ಬ್ಯಾಗಿನಿಂದ ಡಬ್ಬ ತೆಗೆದನೋ, ಕಾಫಿಯನ್ನೂ ಕೊಡದೆ ಕಳಿಸಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅದಾದ ಮೇಲೆ ಅವನ ಮೆಸೇಜ್ ಬಂತು: “ಸರ್, ಕಂಪ್ಲೇಂಟ್ ವಾಪಸ್ ತಗೊಂಡು ಫೈವ್ ಸ್ಟಾರ್ ರಿವ್ಯೂ ಹಾಕಿ, ಅರ್ಧ ಅಮೌಂಟ್ ರಿಫಂಡ್ ಮಾಡ್ತೀವಿ.” ಸ್ಕ್ರೀನ್‌ಶಾಟ್ ತೆಗೆದು ಅದನ್ನೂ ದೂರಿಗೆ ಸೇರಿಸಿದ್ದೇನೆ.