ಹಿರಿಯರ ಕೊಲೆಸ್ಟ್ರಾಲ್ ಮಾತ್ರೆ ಬಿಡಿಸಿ ಡಬ್ಬಿ ಮಾರುತ್ತಿದ್ದಾರೆ, ದಾವಣಗೆರೆಯವರು ಹುಷಾರು

ದಾವಣಗೆರೆಯಲ್ಲಿ ಯಾರಾದರೂ "ಫ್ರೀ ಬಾಡಿ ಚೆಕಪ್" ಅಂತ ಕರೆದರೆ ದಯವಿಟ್ಟು ಹೋಗಬೇಡಿ. ಮನೆಯಲ್ಲಿ ಕೊಲೆಸ್ಟ್ರಾಲ್ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಇವತ್ತೇ ಅವರಿಗೂ ಹೇಳಿ.

ನಮ್ಮ ಅಪ್ಪಾಜಿಗೆ ಸ್ಟೆಂಟ್ ಹಾಕಿದೆ. ದಿನಾ ರಾತ್ರಿ ಅಟೋರ್ವಾಸ್ಟಾಟಿನ್ ತೆಗೆದುಕೊಳ್ಳುತ್ತಾರೆ, ಅದು ಸ್ಟ್ಯಾಟಿನ್ ಅನ್ನುವ ಗುಂಪಿನ ಕೊಲೆಸ್ಟ್ರಾಲ್ ಮಾತ್ರೆ. ವಿದ್ಯಾನಗರದ ಕಡೆ ವಾಕಿಂಗ್ ಹೋದಾಗ ಒಬ್ಬ ಕರೆದು ಕೂರಿಸಿ ಕೈಗೆ ಒಂದು ಕಡ್ಡಿ ಹಿಡಿಸಿದ್ದಾನೆ. ರಕ್ತ ತೆಗೆದಿಲ್ಲ, ಏನಿಲ್ಲ. ಕಂಪ್ಯೂಟರ್‌ನಿಂದ ರಿಪೋರ್ಟ್ ಬಂದಿದೆ. ಕೋಕ್ಯೂ10 (ಜೀವಕೋಶಗಳು ಶಕ್ತಿ ತಯಾರಿಸಲು ಬೇಕಾದ ವಸ್ತು) ಇಲ್ಲ, ವಿಟಮಿನ್ ಎ, ಡಿ, ಇ, ಕೆ ಎಲ್ಲ ಖಾಲಿಯಂತೆ. "ಯಜಮಾನ್ರೇ, ಆ ಮಾತ್ರೆನೇ ನಿಮ್ಮ ಮೈಯಲ್ಲಿರೋ ಶಕ್ತಿ ಎಲ್ಲ ತಿಂದಿದೆ. ಕಾಲು ನೋವು ಅದಕ್ಕೇ. ಮೊದಲು ಅದನ್ನ ಬಿಡಿ."

ಅಪ್ಪಾಜಿ ಬಿಟ್ಟರು. ನಮಗೆ ಹೇಳಲಿಲ್ಲ. ಅವನ ಹತ್ತಿರ 8,600 ರೂಪಾಯಿ ಕೊಟ್ಟು ಸಪ್ಲಿಮೆಂಟ್ ಡಬ್ಬಿಗಳನ್ನು ತಂದು ಬೀರುವಿನಲ್ಲಿ ಇಟ್ಟುಕೊಂಡಿದ್ದರು. ವಿಷಯ ಹೊರಬಿದ್ದಿದ್ದು ರಕ್ತ ಪರೀಕ್ಷೆಯಲ್ಲಿ. 70ರ ಒಳಗಿರಬೇಕಾದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 138 ಬಂದಿತ್ತು.

ಹೃದಯದ ಡಾಕ್ಟರ್ ಬಿಡಿಸಿ ಹೇಳಿದರು. ಕೊಲೆಸ್ಟ್ರಾಲ್, ಕೋಕ್ಯೂ10 ಎರಡೂ ದೇಹದಲ್ಲಿ ಒಂದೇ ದಾರಿಯಲ್ಲಿ ತಯಾರಾಗುತ್ತವೆ. ಸ್ಟ್ಯಾಟಿನ್ ಮಾತ್ರೆ ಆ ದಾರಿಯನ್ನು ಶುರುವಿನಲ್ಲೇ ತಡೆಯುತ್ತದೆ. ಹಾಗಾಗಿ ರಕ್ತದಲ್ಲಿ ಕೋಕ್ಯೂ10 ಕಡಿಮೆಯಾಗುವುದು ನಿಜ. ಆದರೆ ಅದನ್ನು ಮಾತ್ರೆಯಾಗಿ ನುಂಗಿದರೆ ನೋವು ಹೋಗುತ್ತದೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಇನ್ನು ಎ, ಡಿ, ಇ, ಕೆ ವಿಷಯ ಬೇರೆ ಔಷಧಿಯದು. ಕೊಲೆಸ್ಟೈರಮೈನ್ ಅನ್ನುವ ಪುಡಿ ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಳ್ಳುತ್ತದೆ, ಅದರಿಂದ ಆ ವಿಟಮಿನ್‌ಗಳು ಮೈಗೆ ಹತ್ತುವುದು ಕಡಿಮೆಯಾಗಬಹುದು. ಅಪ್ಪಾಜಿ ಅದನ್ನು ಮುಟ್ಟಿಯೇ ಇಲ್ಲ! ಒಂದು ನಿಜಕ್ಕೆ ನಾಲ್ಕು ಸುಳ್ಳು ಅಂಟಿಸಿ ಮಾರಿದ್ದಾನೆ.

ಆಮೇಲೆ ಡಾಕ್ಟರ್ ಒಂದು ಡಬ್ಬಿ ತಿರುಗಿಸಿ ಲೇಬಲ್ ತೋರಿಸಿದರು. ರೆಡ್ ಈಸ್ಟ್ ರೈಸ್, ಅಂದರೆ ಒಂದು ಜಾತಿಯ ಕೆಂಪು ಶಿಲೀಂಧ್ರ ಬೆಳೆಸಿದ ಅಕ್ಕಿ. ಅದರಲ್ಲಿರುವ ಮೊನಾಕೊಲಿನ್ ಕೆ ಅಂದರೆ ಲೋವಾಸ್ಟಾಟಿನ್. ಅದೂ ಸ್ಟ್ಯಾಟಿನ್ನೇ! ಎಷ್ಟಿದೆ ಅಂತ ಲೇಬಲ್ ಮೇಲೆ ಇಲ್ಲ. ವಿಷ ಅಂತ ಹೇಳಿ ಬಿಡಿಸಿದ್ದು ಸ್ಟ್ಯಾಟಿನ್, ಅಮೃತ ಅಂತ ಮಾರಿದ್ದೂ ಸ್ಟ್ಯಾಟಿನ್. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪಾಜಿ ತಲೆ ಎತ್ತಲಿಲ್ಲ. ಮಂಡಿಪೇಟೆಯಲ್ಲಿ ಜೀವನಪೂರ್ತಿ ವ್ಯಾಪಾರ ಮಾಡಿದ ಮನುಷ್ಯ, ಯಾರ ಹತ್ತಿರವೂ ಮೋಸ ಹೋದವರಲ್ಲ.

ಡಬ್ಬಿ ಮಾರಿದವನನ್ನು ಕೇಳೋಕೆ ಹೋದೆ. "ಸರ್, ಅದು ನ್ಯಾಚುರಲ್" ಅಂದ. ಎಲ್‌ಡಿಎಲ್ ಏರಿದೆಯಲ್ಲ ಅಂದರೆ, "ಒಳಗಿನ ಕೊಬ್ಬು ಕರಗಿ ರಕ್ತಕ್ಕೆ ಬರ್ತಿದೆ, ಇನ್ನೊಂದು ಕೋರ್ಸ್ ಮಾಡ್ಸಿ." ಇನ್ನೊಂದು ಕೋರ್ಸ್! ದುಡ್ಡು ವಾಪಸ್ ಕೇಳಿದೆ. "ಸೀಲ್ ಒಡೆದಿದೆ, ಆಗಲ್ಲ." ಜೋರು ಮಾಡಿದ ಮೇಲೆ ಹೇಳಿದ್ದು ಕೇಳಿ: "ಮಾತ್ರೆ ಬಿಡಿ ಅಂತ ನಾನೇನು ಬರೆದುಕೊಟ್ಟಿದ್ದೀನಾ ಸರ್?" ಬರೆದುಕೊಟ್ಟಿಲ್ಲ. ಅವರು ಯಾವತ್ತೂ ಬರೆದುಕೊಡಲ್ಲ, ಬಾಯಲ್ಲೇ ಹೇಳುತ್ತಾರೆ. ಈಗ ನನ್ನ ಫೋನ್ ಎತ್ತುತ್ತಿಲ್ಲ.

ಸ್ಟ್ಯಾಟಿನ್ ತೆಗೆದುಕೊಳ್ಳುವವರಿಗೆ ಮೈಕೈ ನೋವು ಬರಬಹುದು, ಸುಳ್ಳಲ್ಲ. ಬಂದರೆ ನಿಮ್ಮ ಡಾಕ್ಟರ್‌ಗೇ ಹೇಳಿ. ಸಿಕೆ (ಸ್ನಾಯುಗಳಿಗೆ ಹಾನಿಯಾಗಿದೆಯಾ ಅಂತ ತೋರಿಸುವುದು), ವಿಟಮಿನ್ ಡಿ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಬೇಕಾದರೆ ಡೋಸ್ ಇಳಿಸುತ್ತಾರೆ, ಮಾತ್ರೆ ಬದಲಿಸುತ್ತಾರೆ. ಸ್ಟೆಂಟ್ ಇರುವವರು ಯಾರದೋ ಮಾತು ಕೇಳಿ ಸುಮ್ನೆ ನಿಲ್ಲಿಸಬೇಡಿ, ಹಾರ್ಟ್ ಅಟ್ಯಾಕ್ ಅಪಾಯ ಜಾಸ್ತಿಯಾಗುತ್ತದೆ. ಕಡ್ಡಿ ಹಿಡಿದರೆ ವಿಟಮಿನ್ ಗೊತ್ತಾಗಲ್ಲ. ಅಪ್ಪಾಜಿಗೆ ಕೊಟ್ಟಿದ್ದು ಬಿಲ್ ಅಲ್ಲ, ಬರೀ ಕೈಬರಹದ ಚೀಟಿ. ಅದನ್ನೇ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ನಿಮ್ಮ ಮನೆಯವರಿಗೂ ಹೀಗೆ ಮಾರಿದ್ದರೆ ನೀವೂ ಕೊಡಿ.