ಸಮುದ್ರದ ಹಕ್ಕಿನ ಪ್ರಬಂಧಕ್ಕೆ ಫ್ರಾನ್ಸೋ, ಬ್ರಿಟನ್ನೋ?

ದೇಶವೊಂದು ಕಡಲಾಚೆ ಹೊಂದಿರುವ ಸಾಗರೋತ್ತರ ಪ್ರದೇಶಗಳ ಬಗ್ಗೆ ಪ್ರಬಂಧ ಬರೆಯಹೊರಟ ಕೋಲಾರದ ಪದವಿ ವಿದ್ಯಾರ್ಥಿಗಳಿಗೆ ಮೊದಲು ಎದುರಾಗುವುದು ದೇಶದ ಆಯ್ಕೆ. ಕೆರೆಯ ಅಚ್ಚುಕಟ್ಟಿನಲ್ಲಿ ಜಮೀನಿದ್ದವರಿಗೆ ನೀರಿನ ಪಾಲು ಇರುವಂತೆ, ದಡವಿರುವ ದೇಶಕ್ಕೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದವು 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿ.ಮೀ. ದೂರದವರೆಗಿನ ಮೀನು, ತೈಲ, ಖನಿಜಗಳ ಮೇಲೆ ಹಕ್ಕು ನೀಡುತ್ತದೆ. ಆ ದಡ ದೂರದ ದ್ವೀಪದ್ದಾದರೂ ಸರಿಯೇ.

ಅಂಕಿಅಂಶ ಬೇಕೆನ್ನುವವರಿಗೆ ಫ್ರಾನ್ಸ್ ಸುಲಭ. ಅದರ ಒಂದು ಕೋಟಿ ಚದರ ಕಿ.ಮೀ.ಗೂ ಮಿಕ್ಕ ಕಡಲಿನಲ್ಲಿ ಶೇ. 90ಕ್ಕಿಂತ ಹೆಚ್ಚು ಬಂದಿರುವುದು ಸಾಗರೋತ್ತರ ನೆಲದಿಂದ. ಪೆಸಿಫಿಕ್ ಸಾಗರದ ದ್ವೀಪಸಮೂಹವಾದ ಫ್ರೆಂಚ್ ಪಾಲಿನೇಷ್ಯಾದ ನೆಲ ಹೆಚ್ಚುಕಡಿಮೆ ನಮ್ಮ ಕೋಲಾರ ಜಿಲ್ಲೆಯಷ್ಟೇ, ಆದರೆ ಅದು ತಂದುಕೊಟ್ಟ ಕಡಲು 45 ಲಕ್ಷ ಚದರ ಕಿ.ಮೀ.ಗೂ ಅಧಿಕ.

ವಾದ ಮಂಡಿಸಬೇಕೆನ್ನುವವರಿಗೆ ಬ್ರಿಟನ್ ವಾಸಿ, ನನ್ನ ಒಲವೂ ಅದರ ಕಡೆಗೇ. ಬ್ರಿಟನ್ನಿನ ವಶದಲ್ಲಿದ್ದರೂ ಅರ್ಜೆಂಟೀನಾ ತನ್ನದೆನ್ನುವ ಫಾಕ್‌ಲ್ಯಾಂಡ್ ದ್ವೀಪಗಳು, ಮಲ್ಪೆಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್ ಹಿಡಿಯುವ ಪರವಾನಗಿಯಿಂದಲೇ ಬಹುಪಾಲು ಆದಾಯ ಗಳಿಸುತ್ತ ಬಂದಿವೆ. ಇತ್ತ ಅಟ್ಲಾಂಟಿಕ್‌ನ ರಾಕಾಲ್ ಎಂಬ ಬೋಳುಬಂಡೆಯಿಂದ ಅಳೆದಿದ್ದ 200 ಮೈಲಿಯ ಹಕ್ಕನ್ನು ಬ್ರಿಟನ್ 1997ರಲ್ಲಿ ಬಿಟ್ಟುಕೊಟ್ಟಿತು, ಏಕೆಂದರೆ ಜನವಸತಿಯನ್ನಾಗಲಿ ಸ್ವಂತ ಆರ್ಥಿಕ ಜೀವನವನ್ನಾಗಲಿ ಪೋಷಿಸಲಾಗದ ಬಂಡೆಗೆ ಆ ಹಕ್ಕಿಲ್ಲವೆಂದು ಒಪ್ಪಂದದ 121ನೇ ವಿಧಿ ಹೇಳುತ್ತದೆ.